ದಾರಿ ತೋರಿಸುವವನು: ಕೊಪ್ಪಳ ಸೀಮೆಯ ಭೂದಲ್ಲಾಳಿಯ ಒಂದು ಸಣ್ಣ ಚರಿತ್ರೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ ನನ್ನ ಮುಂದೆ ಮೂರು ಕಾಗದದ ಚೀಟಿ ಇಟ್ಟ. ಬಿ.ಕಾಂ. ಮುಗಿಸಿ ಎರಡು ವರ್ಷ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆದ ಹುಡುಗ ಅವನು. ಈಗ ರಿಯಲ್ ಎಸ್ಟೇಟಿಗೆ ಇಳಿಯುತ್ತೇನೆ ಎಂದು ತೀರ್ಮಾನಿಸಿದ್ದಾನೆ. ಒಂದು ಚೀಟಿಯಲ್ಲಿ ಕೊಪ್ಪಳದ ಲೇಔಟ್ ಕಚೇರಿಯೊಂದರ ವಿವರ: ಸಣ್ಣ ಸಂಬಳ, ತಿಂಗಳಿಗೆ ಇಷ್ಟು ನಿವೇಶನ ಎಂಬ ಟಾರ್ಗೆಟ್, ಮುಟ್ಟಿದರೆ ಇನ್ಸೆಂಟಿವ್. ಎರಡನೆಯದು ಬೆಂಗಳೂರಿನ ಕಂಪನಿಯೊಂದರ ಫ್ರಾಂಚೈಸಿ: ಮೊದಲು ನಾವೇ ದುಡ್ಡು ಕಟ್ಟಬೇಕು, ಆಮೇಲೆ ಅವರ ಹೆಸರು, ಆ್ಯಪ್, ಕೋಟು, ಕಾರ್ಡು. ಮೂರನೆಯದರಲ್ಲಿ ಒಂದು ಫೋನ್ ನಂಬರು ಮಾತ್ರ. ಅದು ಕುಷ್ಟಗಿಯ ಹಳೆಯ ದಲ್ಲಾಳಿಯೊಬ್ಬರದು. ಅವರಿಗೆ ಕಚೇರಿ ಇಲ್ಲ. ತಹಸೀಲ್ ಕಚೇರಿಯ ಎದುರಿನ ಚಹಾದಂಗಡಿಯ ಬೆಂಚೇ ಕಚೇರಿ. "ಬಂದ್ರ ಬಾ, ಬಂದದ್ದರಾಗ ಅರ್ಧ" ಎಂದಿದ್ದಾರಂತೆ.

"ಅಣ್ಣಾ, ನಾ ಯಾರ ಕೈಯಾಗ ಸೇರ್ಕೊಳ್ಳಲಿ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಜ್ಜಿಯ ದನಿ ಬಂತು. "ದಲ್ಲಾಳಿ ಕೆಲಸಾನಾ? ನಿಮ್ಮಜ್ಜನ ಹೊಲ ತಿಂದಾಂವನೂ ದಲ್ಲಾಳಿನ."

ನನ್ನ ಪಿಎಚ್‌.ಡಿ. ವಿಷಯ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲಿನ ಭೂ ವ್ಯವಹಾರ. ನಾಲ್ಕು ವರ್ಷದಿಂದ ಹಳೆಯ ಪಹಣಿ, ಖರೀದಿ ಪತ್ರಗಳ ಧೂಳು ಕುಡಿಯುತ್ತಿದ್ದೇನೆ. ಆದರೂ ತಮ್ಮನ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಅವನಿಗೆ ಹೇಳಲು ಕೂತು ಯೋಚಿಸಿದ್ದೇ ಈ ಬರಹ.

ಮೊದಲು ಆ ಪದದಿಂದಲೇ ಶುರು ಮಾಡುತ್ತೇನೆ. 'ದಲ್ಲಾಳಿ' ನಮ್ಮ ಕಡೆ ಬೈಗುಳಕ್ಕೆ ಅರ್ಧ ಹೆಜ್ಜೆ ಹಿಂದಿರುವ ಮಾತು. ಮೂಲದಲ್ಲಿ ಅದು ಅರಬ್ಬಿಯ 'ದಲ್ಲಾಲ್'. ತೋರಿಸು, ದಾರಿ ಹೇಳು ಎಂಬರ್ಥದ ಧಾತುವಿನಿಂದ ಬಂದದ್ದು. ಪಾರ್ಸಿ, ಉರ್ದುಗಳ ಮೂಲಕ ದಖ್ಖನಿಗೆ ಇಳಿಯಿತು. ಅದಕ್ಕೂ ಮೊದಲು ಕನ್ನಡಕ್ಕೆ 'ತರಗು' ಎಂಬ ಮಾತಿತ್ತು. ತಮಿಳಿನಲ್ಲಿ ಅದು ಇವತ್ತೂ ದಲ್ಲಾಳಿತನಕ್ಕೆ ಬಳಕೆಯಲ್ಲಿದೆ, ನಾವು ಮರೆತೆವು. ಇಂಗ್ಲಿಷಿನ 'ಬ್ರೋಕರ್' ಪದದ ಮೂಲವೂ ತಮಾಷೆಯಾಗಿದೆ. ದ್ರಾಕ್ಷಾರಸದ ಪೀಪಾಯಿಗೆ ತೂತು ಕೊರೆದು ಚಿಲ್ಲರೆ ಮಾರುವವನಿಗೆ ಹಳೆಯ ಫ್ರೆಂಚಿನಲ್ಲಿ ಇದ್ದ ಹೆಸರು ಅದು. ಒಂದು ಭಾಷೆಗೆ ದಲ್ಲಾಳಿ ದಾರಿ ತೋರಿಸುವವನು, ಇನ್ನೊಂದಕ್ಕೆ ಪೀಪಾಯಿ ತೂತು ಮಾಡುವವನು. ಅಜ್ಜಿಯ ಅನುಭವ ಎರಡನೆಯದರ ಕಡೆಗೇ ವಾಲುತ್ತದೆ.

ನಮ್ಮ ಸೀಮೆಯಲ್ಲಿ ಭೂಮಿಯ ಲೆಕ್ಕ ಹಳೆಯದು. ಕುಕನೂರು, ಇಟಗಿಯ ಆಸುಪಾಸಿನ ಶಾಸನಗಳನ್ನು ಓದಿದವರಿಗೆ ಮತ್ತರುಗಳಲ್ಲಿ ಅಳೆದ ನೆಲ, ನಾಲ್ಕು ದಿಕ್ಕಿನ ಎಲ್ಲೆ, ನಟ್ಟ ಕಲ್ಲು ಇವೆಲ್ಲ ಪರಿಚಿತ. ಆದರೆ ಅಲ್ಲಿರುವುದು ಬಹುಪಾಲು ದಾನದ ಕಥೆ. ಹೊಲವೊಂದು ಅಪರಿಚಿತನ ಕೈಗೆ ದುಡ್ಡಿಗೆ ಹೋಗುವ ಸಂತೆ ನಮ್ಮಲ್ಲಿ ಬೆಳೆದದ್ದು ತೀರ ಈಚೆಗೆ. ಅಪರಿಚಿತ ಬಂದಾಗಲೇ ನಡುವೆ ಒಬ್ಬ ಬೇಕಾಗುತ್ತಾನೆ. ತನ್ನ ಅಣ್ಣತಮ್ಮಂದಿರಿಗೋ ಪಕ್ಕದ ಹೊಲದವನಿಗೋ ಮಾರುವವನಿಗೆ ದಲ್ಲಾಳಿಯ ಹಂಗಿಲ್ಲ.

ನಿಜಾಮರ ಕಾಲದಲ್ಲಿ ಇಂದಿನ ಕೊಪ್ಪಳ ಜಿಲ್ಲೆ ರಾಯಚೂರು ಜಿಲ್ಲೆಯ ಭಾಗ. ಅದರಲ್ಲೂ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಹೈದರಾಬಾದಿಗೆ ಪ್ರವಾಸ ಹೋದವರು ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಡಿಯಾರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಮನೆತನದ ಸಿರಿಯ ಒಂದು ಪಾಲು ಯಲಬುರ್ಗಾದ ಎರಿ ಹೊಲದ ಜೋಳ, ಹತ್ತಿಗಳ ಕಂದಾಯದಿಂದ ಬಂದದ್ದು ಎಂದು ನೆನಪಾದಾಗ ನನಗೆ ಆ ಗಡಿಯಾರ ನೋಡುವ ಉಮೇದು ಕಡಿಮೆಯಾಗುತ್ತದೆ. ಇರಲಿ. ಜಹಗೀರಿನಲ್ಲಿ ರೈತನಿಗೆ ಹೊಲ ಮಾರುವ ಮಾತು ಸಲೀಸಾಗಿರಲಿಲ್ಲ. ಉಳಿದ ಕಡೆಯೂ ಸಾಹುಕಾರರ ಕೈಗೆ ಭೂಮಿ ಹೋಗುವುದನ್ನು ತಡೆಯಲು ಸರ್ಕಾರ ಫಸಲಿ 1349ರಲ್ಲಿ, ಅಂದರೆ 1939–40ರಲ್ಲಿ, ಕಾಯ್ದೆಯನ್ನೇ ತಂದಿತ್ತು.

ಆ ಕಾಲದ ನಡುವಿನವನು ದಲ್ಲಾಳಿ ಅಲ್ಲ, ಪಟವಾರಿ. ಆಡಳಿತದ ಭಾಷೆ ಉರ್ದು, ವರ್ಷ ಫಸಲಿ, ಊರಿನ ಮಾತು ಕನ್ನಡ. ತನ್ನ ಹೊಲದ ಕಾಗದವನ್ನು ತಾನೇ ಓದಲಾರದ ರೈತನಿಗೆ ಅದನ್ನು ಓದಿ ಹೇಳುವವನೇ ಕಣ್ಣು. ಅವನು ಹೇಳಿದ್ದೇ ಎಲ್ಲೆ, ಅವನು ಬರೆದದ್ದೇ ಹೆಸರು. ದಲ್ಲಾಳಿತನದ ಮೊದಲ ಬಂಡವಾಳ ದುಡ್ಡಲ್ಲ, ಓದು ಎಂದು ನನಗೆ ಅನ್ನಿಸಿದ್ದು ಈ ಕಾಗದಗಳನ್ನು ನೋಡಿದಾಗ. ನಾನೂ ಅವುಗಳ ಮುಂದೆ ಅನಕ್ಷರಸ್ಥನೇ. ನನ್ನ ಪಾಲಿನ ಉರ್ದು ಓದಿಕೊಡಲು ರಾಯಚೂರಿನ ನಿವೃತ್ತ ಮೇಷ್ಟ್ರೊಬ್ಬರು ಬೇಕಾಯಿತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ಮರುವರ್ಷ ಜಹಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆ ಬಂತು. 1953ರಲ್ಲಿ ಮುನಿರಾಬಾದಿನ ಅಣೆಕಟ್ಟೆಯಿಂದ ಕಾಲುವೆಗೆ ನೀರು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯದವರು. ಎಂಟು ವರ್ಷದೊಳಗೆ ಒಡೆಯ, ಕಾನೂನು, ಕಚೇರಿಯ ಭಾಷೆ, ರಾಜ್ಯ, ಕೊನೆಗೆ ಮಣ್ಣಿನ ಗುಣ ಕೂಡ ಬದಲಾದ ಊರಿನಲ್ಲಿ ರೈತ ಯಾರನ್ನು ನಂಬಬೇಕಿತ್ತು?

ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರು. ಕೊಪ್ಪಳ, ಗಂಗಾವತಿ ದಾಟಿ ಸಿಂಧನೂರು, ಮಾನ್ವಿ, ರಾಯಚೂರಿನ ತನಕ. ಯೋಜನೆಯ ಮೂಲ ಕಲ್ಪನೆಯಲ್ಲಿ ಇದು ಭತ್ತದ ಕಾಲುವೆಯಲ್ಲ. ಬರದ ನಾಡಿಗೆ ತೆಳುವಾಗಿ ನೀರು ಹಂಚಿ ಜೋಳ, ಹತ್ತಿ, ಶೇಂಗಾ ಉಳಿಸಿಕೊಳ್ಳುವ ವ್ಯವಸ್ಥೆ. ಯಾವ ಸರ್ವೆ ನಂಬರಿಗೆ ನೀರು, ಯಾವ ಬೆಳೆಗೆ ಎಂದು ಮೊದಲೇ ಗೊತ್ತುಮಾಡಿದ 'ಲೋಕಲೈಸೇಶನ್' ಪಟ್ಟಿ ಇತ್ತು. ಭತ್ತಕ್ಕೆ ಅದರಲ್ಲಿ ಸಣ್ಣ ಪಾಲು. ಆದದ್ದು ಬೇರೆ. ಕಾಲುವೆಯ ತಲೆಭಾಗದಲ್ಲಿ ಭತ್ತ ಹರಡಿತು, ಬಾಲಭಾಗ ಒಣಗಿತು. ಡಚ್ ವಿದ್ವಾಂಸ ಪೀಟರ್ ಮಾಲಿಂಗಾ ಈ ಕಾಲುವೆಯ ಮೇಲೇ ದೊಡ್ಡ ಪುಸ್ತಕ ಬರೆದಿದ್ದಾರೆ. ನೀರಿನ ರಾಜಕೀಯ ತಿಳಿಯಬೇಕೆನ್ನುವವರಿಗೆ ಅದು ಒಳ್ಳೆಯ ದಾರಿ.

ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು. 1950, 60ರ ದಶಕಗಳಲ್ಲಿ ಕರಾವಳಿ ಆಂಧ್ರದ ಗೋದಾವರಿ, ಕೃಷ್ಣಾ, ಗುಂಟೂರು ಕಡೆಯ ರೈತರು ಈ ಕಾಲುವೆಯ ಗುಂಟ ಬಂದರು. ಅವರಿಗೆ ಭತ್ತ ಗೊತ್ತು, ಕಾಲುವೆ ಗೊತ್ತು. ಅಲ್ಲಿಯ ಒಂದೆರಡು ಎಕರೆಯ ಬೆಲೆಗೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ನಮ್ಮವರಿಗೆ ಎರಿ ಹೊಲದಲ್ಲಿ ನೀರು ನಿಲ್ಲಿಸುವುದೆಂದರೆ ಹೊಲ ಕೆಡಿಸುವುದು. ಸಮತಟ್ಟು ಮಾಡುವ ಬಂಡವಾಳವೂ ಇರಲಿಲ್ಲ. ಹೀಗಾಗಿ ಒಂದೇ ಹೊಲ ಮಾರುವವನಿಗೆ ಒಂದು ವಸ್ತು, ಕೊಳ್ಳುವವನಿಗೆ ಇನ್ನೊಂದು. ಗಂಗಾವತಿಯಿಂದ ಸಿಂಧನೂರಿನ ದಾರಿಯಲ್ಲಿ ಇವತ್ತೂ ಊರುಗಳ ಹೆಸರಿಗೆ 'ಕ್ಯಾಂಪ್' ಅಂಟಿಕೊಂಡಿರುವುದು ಆ ವಲಸೆಯ ಗುರುತು.

ಈ ಎರಡು ತಿಳಿವಳಿಕೆಗಳ ನಡುವಿನ ಅಂತರದಲ್ಲೇ ನಮ್ಮ ಸೀಮೆಯ ಮೊದಲ ವೃತ್ತಿಪರ ಭೂದಲ್ಲಾಳಿ ಹುಟ್ಟಿದ. ಅವನಿಗೆ ತೆಲುಗೂ ಬರಬೇಕು, ಕನ್ನಡವೂ ಬರಬೇಕು. ಯಾವ ಉಪಕಾಲುವೆ ಎಲ್ಲಿ ಹಾಯುತ್ತದೆ ಎಂಬುದು ನೀರಾವರಿ ಇಲಾಖೆಯ ಜವಾನನಿಂದಾದರೂ ತಿಳಿದಿರಬೇಕು. ಜೊತೆಗೆ 1950ರ ಆ ಕಾಯ್ದೆಯ 47ನೇ ಕಲಮಿನ ಪ್ರಕಾರ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಕೃಷಿ ಭೂಮಿಯ ಶಾಶ್ವತ ಪರಭಾರೆ ಊರ್ಜಿತವಾಗುತ್ತಿರಲಿಲ್ಲ. ರೈತನ ರಕ್ಷಣೆಗೆಂದು ಇಟ್ಟ ಈ ಬಾಗಿಲು ಕಾರ್ಯತಃ ಬಾಗಿಲು ತೆರೆಸಬಲ್ಲವನ ಬೆಲೆ ಏರಿಸಿತು. ನಮ್ಮ ದೇಶದಲ್ಲಿ ಅನುಮತಿಯ ಕಾಯ್ದೆಗಳಿಗೆಲ್ಲ ಇದೊಂದು ಅಡ್ಡಪರಿಣಾಮ.

ಅಜ್ಜಿ ಹೇಳುವುದು 1959ರ ಸುದ್ದಿ. ಅಜ್ಜನ ಹನ್ನೊಂದು ಎಕರೆ ಎರಿ. ನೀರು ಬಂದರೆ ಹೊಲ ಜೌಗು ಹಿಡಿಯುತ್ತದೆ ಎಂದು ಊರೆಲ್ಲ ಹೇಳುತ್ತಿದ್ದ ಹೊತ್ತು. ಪರಿಚಯದ ದಲ್ಲಾಳಿಯೊಬ್ಬ ಬಂದು, ನೆರೆಯವರು ಬೆಲೆ ಕೊಡುವಾಗಲೇ ಕೊಟ್ಟುಬಿಡು ಎಂದ. ಅಜ್ಜ ಒಪ್ಪಿದ. ಮುಂಗಡ ಕೊಟ್ಟವನು, ಕರಾರಿಗೆ ಹೆಬ್ಬಟ್ಟು ಒತ್ತಿಸಿಕೊಂಡವನು ಆ ದಲ್ಲಾಳಿಯೇ. ಕೆಲವು ತಿಂಗಳ ಮೇಲೆ ಹೊಲ ಆಂಧ್ರದ ಕುಟುಂಬವೊಂದಕ್ಕೆ ಹೋಯಿತು. ಕೊಂಡವರು ತಾವು ಕೊಟ್ಟ ಬೆಲೆಯನ್ನು ಅಜ್ಜನಿಗೆ ಸಹಜವಾಗಿ ಹೇಳಿದಾಗ ಗೊತ್ತಾಯಿತು: ಅಜ್ಜನ ಕೈಗೆ ಬಂದದ್ದರ ಸುಮಾರು ಒಂದೂವರೆ ಪಟ್ಟು. ಆಮೇಲೆ ಅಜ್ಜ ಅದೇ ಹೊಲದಲ್ಲಿ ನಾಟಿ ಕೂಲಿಗೆ ಹೋದ. ಕೊಂಡವರನ್ನು ಅಜ್ಜಿ ಒಂದು ದಿನವೂ ಬೈದದ್ದಿಲ್ಲ. ಅವರ ಮೊಮ್ಮಗ ನಮ್ಮ ತಮ್ಮನ ಜೊತೆ ಓದಿದವನು, ಸಂಕ್ರಾಂತಿಗೆ ಅರಿಸೆಲು ಕೊಟ್ಟು ಕಳಿಸುವ ಮನೆ. 'ಹೊರಗಿನವರು ಬಂದು ನಮ್ಮ ಭೂಮಿ ಕೊಂಡರು' ಎಂಬ ಈಗಿನ ಸುಲಭದ ಮಾತು ನನಗೆ ಒಪ್ಪಿಗೆಯಾಗದಿರುವುದಕ್ಕೆ ಇದೂ ಒಂದು ಕಾರಣ. ಅಜ್ಜನನ್ನು ಕೆಡಿಸಿದವನು ಒಳಗಿನವನು.

ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದರೂ ಅದರಲ್ಲಿ ಕಾನೂನಿನ ಒಂದು ಎಳೆ ಇದೆ ಎಂದು ನನಗೆ ಹೊಳೆದದ್ದು ತೀರ ಈಚೆಗೆ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆನ್ಸಿಗೆ ಒಂದು ಪೂರ್ತಿ ಅಧ್ಯಾಯವಿದೆ. ಅದರ 216ನೇ ಕಲಮು ಹೇಳುವುದು ಇದನ್ನೇ: ಏಜೆಂಟನು ತನ್ನ ಯಜಮಾನನಿಗೆ ತಿಳಿಸದೆ ಅವನ ಪರವಾಗಿ ಮಾಡಬೇಕಾದ ವ್ಯವಹಾರವನ್ನು ತನ್ನ ಸ್ವಂತ ಲೆಕ್ಕಕ್ಕೆ ಮಾಡಿಕೊಂಡರೆ, ಅದರಿಂದ ಬಂದ ಲಾಭವನ್ನು ಕೇಳುವ ಹಕ್ಕು ಯಜಮಾನನಿಗಿದೆ. ಅಂದರೆ ಆ ಅರ್ಧ ಪಟ್ಟು ಅಜ್ಜನದೇ ಆಗಬಹುದಿತ್ತು. ಆದರೆ ಒಂದು ತೊಡಕು. ಆ ದಲ್ಲಾಳಿ ಅಜ್ಜನ ಏಜೆಂಟನೇ ಎಂದು ಸಾಬೀತು ಮಾಡುವುದು ಹೇಗೆ? ಅವನು ಕೊಳ್ಳುವವರ ಕಡೆಯವನು ಎಂದೂ ಹೇಳಬಹುದಿತ್ತು, ನಾನೇ ಕೊಂಡೆ, ನಾನೇ ಮಾರಿದೆ ಎಂದೂ ಹೇಳಬಹುದಿತ್ತು. ಕರಾರಿನಲ್ಲಿ ಅವನು ತನ್ನನ್ನು ಏನೆಂದು ಬರೆಸಿಕೊಂಡಿದ್ದನೋ ಅಜ್ಜನಿಗೆ ಓದಲು ಬರುತ್ತಿರಲಿಲ್ಲ.

ಇದು ಮುಗಿದ ಕಾಲದ ಮಾತಲ್ಲ. ಇವತ್ತೂ ಕೊಪ್ಪಳದಲ್ಲಿ 'ಅಗ್ರಿಮೆಂಟ್ ಹಾಕಿಸಿಕೊಳ್ಳುವುದು' ಎಂದರೆ ಇದೇ. ಚೂರು ಮುಂಗಡ ಕೊಟ್ಟು, ಆರು ತಿಂಗಳ ಗಡುವು ಪಡೆದು, ಅಷ್ಟರಲ್ಲಿ ಹೆಚ್ಚಿನ ಬೆಲೆಗೆ ಬೇರೆಯವರನ್ನು ಹುಡುಕಿ, ನಡುವಿನದ್ದನ್ನು ಜೇಬಿಗಿಳಿಸುವುದು. ಬಹಿರಂಗವಾಗಿ ನಾನು ಕೊಳ್ಳುವವನು ಎಂದು ಹೇಳಿಯೇ ಮಾಡಿದರೆ ಅದು ವ್ಯಾಪಾರ. ನಿನ್ನ ಪರವಾಗಿ ಗಿರಾಕಿ ನೋಡುತ್ತೇನೆ ಎಂದು ಹೇಳಿ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ. ಹೊಸಬನಾಗಿ ಸೇರುವವನು ತನ್ನ ಗುರು ಇವೆರಡರಲ್ಲಿ ಯಾವುದನ್ನು ಮಾಡುತ್ತಾನೆ ಎಂದು ಮೊದಲ ವಾರವೇ ನೋಡಬೇಕು ಎಂದು ತಮ್ಮನಿಗೆ ಹೇಳಿದೆ.

ದಲ್ಲಾಳಿಗಳ ಪರವಾಗಿಯೂ ಮಾತಾಡಬೇಕು. ದನದ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ನೋಡಿದವರಿಗೆ ಗೊತ್ತು, ಆ ಗುಟ್ಟು ಬರೀ ಮೋಸಕ್ಕಲ್ಲ. ಮಾರುವವನು ಎಷ್ಟಕ್ಕೆ ಇಳಿದ ಎಂಬುದು ಊರಿಗೆ ಗೊತ್ತಾದರೆ ಆ ಎತ್ತಿಗೆ ಮುಂದಿನ ಸಂತೆಯಲ್ಲಿ ಅದೇ ಬೆಲೆ ಗಟ್ಟಿಯಾಗುತ್ತದೆ, ಅವನ ಕಷ್ಟವೂ ಬಯಲಾಗುತ್ತದೆ. ದಲ್ಲಾಳಿ ಇಬ್ಬರ ಮಾನವನ್ನೂ ಟವೆಲ್ಲಿನ ಒಳಗಿಟ್ಟು ಕಾಯುತ್ತಾನೆ. ಇಬ್ಬರೂ ಅವನಿಗೆ ಚಿಲ್ಲರೆ ಕೊಡುತ್ತಾರೆ. ಎತ್ತು ಕುಂಟಿದರೆ ಮುಂದಿನ ವಾರ ಅದೇ ಸಂತೆಯಲ್ಲಿ ಅವನನ್ನು ಹಿಡಿದು ಕೇಳಬಹುದು. ಹೊಲದ ವ್ಯವಹಾರದಲ್ಲಿ ಈ ಮುಂದಿನ ವಾರ ಇಲ್ಲ. ಒಬ್ಬ ರೈತ ಬದುಕಿನಲ್ಲಿ ಹೊಲ ಮಾರುವುದು ಒಂದೋ ಎರಡೋ ಸಲ, ದಲ್ಲಾಳಿ ಮಾರಿಸುವುದು ತಿಂಗಳಿಗೊಮ್ಮೆ. ಕಲಿಯುವವನು ಒಬ್ಬನೇ.

ಗಂಗಾವತಿಯ ಅಡತಿ ಅಂಗಡಿಗಳು ಇನ್ನೊಂದು ಮಾದರಿ. 1966ರ ಕೃಷಿ ಮಾರುಕಟ್ಟೆ ಕಾಯ್ದೆಯಿಂದ ಅಲ್ಲಿ ಕಮಿಷನ್ ಏಜೆಂಟನಿಗೆ ಲೈಸೆನ್ಸು ಬೇಕಾಯಿತು. ಲೆಕ್ಕಪತ್ರ, ತೂಕ, ಮೇಲ್ವಿಚಾರಣೆ ಎಲ್ಲ ಬಂತು. ಕೆಲಸ ಕಲಿಯುವ ಕ್ರಮವೂ ಇತ್ತು. ಹುಡುಗ ಮೊದಲು ಚೀಲ ಎಣಿಸಬೇಕು, ಆಮೇಲೆ ಚೀಟಿ ಬರೆಯಬೇಕು, ಕೊನೆಗೆ ಖಾತೆ ಪುಸ್ತಕ ಕೈಗೆ. ನನ್ನ ತಮ್ಮ ಇದನ್ನು ಗಿರಣಿಯಲ್ಲಿ ಸ್ವಲ್ಪ ಕಂಡವನು. ಅಡತಿಯ ದೋಷ ಬೇರೆ ಕಡೆ. ಬಿತ್ತನೆಗೆ ಸಾಲ ಕೊಟ್ಟವನೇ ಮಾಲು ಮಾರಿಸುವವನು, ಹಾಗಾಗಿ ರೈತನಿಗೆ ಅಂಗಡಿ ಬದಲಿಸುವ ಸ್ವಾತಂತ್ರ್ಯ ಇಲ್ಲ. ಲೇಔಟ್ ಕಚೇರಿಯ ಹುಡುಗನ ಗತಿಯೂ ಸ್ವಲ್ಪ ಹಾಗೇ. ಅವನಿಗೆ ಸಂಬಳ ಕೊಡುವವನು ನಿವೇಶನದ ಮಾಲೀಕ, ಅವನು 'ಸಾರ್, ನಿಮಗೆ ಒಳ್ಳೇದು' ಎನ್ನುವುದು ಕೊಳ್ಳುವವನಿಗೆ.

ಅಮೆರಿಕದಲ್ಲಿ ಹೊಸ ಏಜೆಂಟ್ ಒಂಟಿಯಾಗಿ ಕೆಲಸ ಮಾಡುವಂತಿಲ್ಲ. ಲೈಸೆನ್ಸು ಪಡೆದ ಬ್ರೋಕರನೊಬ್ಬನ ಕೈಕೆಳಗೆ ತನ್ನ ಲೈಸೆನ್ಸು ತೂಗುಹಾಕಲೇಬೇಕು, ಅವನ ತಪ್ಪಿಗೆ ಆ ಬ್ರೋಕರನೂ ಹೊಣೆ. ಹೀಗಾಗಿ ಅಲ್ಲಿ 'ಯಾವ ಬ್ರೋಕರೇಜ್ ಸೇರಲಿ' ಎಂಬುದು ಪ್ರತಿ ಹೊಸಬನ ಮೊದಲ ಪ್ರಶ್ನೆ. ಕಮಿಷನ್ ಹಂಚಿಕೆ ಎಷ್ಟು, ಕಲಿಸುವವರು ಯಾರು ಎಂದೆಲ್ಲ ತೂಗಿ ನೋಡುತ್ತಾರೆ. ಅಷ್ಟಾದರೂ ಯಾರು ಯಾರ ಮನುಷ್ಯ ಎಂಬ ಗೊಂದಲ ಅಲ್ಲೂ ಬಗೆಹರಿದಿಲ್ಲ. ಕೊಳ್ಳುವವನ ಏಜೆಂಟನ ಕಮಿಷನನ್ನು ಮಾರುವವನಿಂದ ಕೊಡಿಸುವ ಪದ್ಧತಿಯ ಮೇಲೆ ವ್ಯಾಜ್ಯ ನಡೆದು, 2024ರಲ್ಲಿ ಅಲ್ಲಿಯ ರಾಷ್ಟ್ರೀಯ ರಿಯಲ್ಟರ್ ಸಂಘ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

ನಮ್ಮಲ್ಲಿ 2016ರ ರೇರಾ ಕಾಯ್ದೆ ಮೊದಲ ಸಲ ಏಜೆಂಟನನ್ನು ಹೆಸರಿಟ್ಟು ಕರೆಯಿತು. 9ನೇ ಕಲಮಿನಂತೆ ನೋಂದಣಿ ಇಲ್ಲದೆ ನೋಂದಾಯಿತ ಯೋಜನೆಯ ನಿವೇಶನ ಮಾರಿಸುವಂತಿಲ್ಲ. 10ನೆಯದರಂತೆ ನೋಂದಣಿಯಾಗದ ಲೇಔಟ್ ಮುಟ್ಟುವಂತಿಲ್ಲ, ಲೆಕ್ಕಪತ್ರ ಇಡಬೇಕು, ಇಲ್ಲದ ಸೌಲಭ್ಯ ಇದೆ ಎನ್ನಬಾರದು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಗರಿಷ್ಠ ನಿವೇಶನದ ಬೆಲೆಯ ಶೇ. 5ರವರೆಗೆ. ಒಳ್ಳೆಯದೇ. ಆದರೆ ಗುರುವಿನ ಕೈಕೆಳಗೆ ಕಲಿಯಬೇಕೆಂಬ ಮಾತು ಅದರಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ರೈತ ತನ್ನ ಹೊಲವನ್ನು ಹೊಲವಾಗಿಯೇ ಮಾರುವಾಗ ರೇರಾ ಅಲ್ಲಿಲ್ಲ. ಕುಷ್ಟಗಿ, ಯಲಬುರ್ಗಾದಲ್ಲಿ ದಲ್ಲಾಳಿಯ ದಿನಗೆಲಸದ ದೊಡ್ಡ ಪಾಲು ಇದೇ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. 1950ರ ದಶಕದ ಅಂತರ ಮತ್ತೆ ತೆರೆದುಕೊಂಡಿದೆ. ಆಗ ಕಾಲುವೆಯ ನಕ್ಷೆ ಗೊತ್ತಿದ್ದವನು ಗೆದ್ದ. ಈಗ ಗಿಣಿಗೇರಿಯ ಕಾರ್ಖಾನೆ, ಭಾನಾಪುರದ ಆಟಿಕೆ ಉದ್ಯಮ, ಗದಗ–ವಾಡಿ ರೈಲುಮಾರ್ಗಗಳ ನಕ್ಷೆ ಗೊತ್ತಿದ್ದವನು ಗೆಲ್ಲುತ್ತಾನೆ.

ಗೊತ್ತಿಲ್ಲದವನು ಸೋಲುವ ರೀತಿಗಳೂ ನಮ್ಮ ಜಿಲ್ಲೆಯಲ್ಲೇ ಇವೆ. ಆನೆಗೊಂದಿಯ ಕಡೆ ಅಂಜನಾದ್ರಿಯ ಭಕ್ತರನ್ನು ನೋಡಿ ಜಾಗ ಹುಡುಕುವವರು ಬರುತ್ತಾರೆ. ಅಲ್ಲಿ ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಟ್ಟುಪಾಡು ಇದೆ. ವಿರೂಪಾಪುರ ಗಡ್ಡೆಯ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೆಲಸಮವಾದವು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು 1978ರ ಪಿಟಿಸಿಎಲ್ ಕಾಯ್ದೆ ಕಾಯುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಮೂಲ ಮಂಜೂರುದಾರರಿಗೆ ಮರಳಬೇಕಾಗುತ್ತದೆ, ಮರಳಲೂ ಬೇಕು. ಇನ್ನು ಎನ್.ಎ. ಆಗದ ಹೊಲವನ್ನು ಗುಂಟೆ ಲೆಕ್ಕದಲ್ಲಿ ಸೈಟೆಂದು ಹಂಚುವವರು. ಒಂದು ಗುಂಟೆಗೆ 1,089 ಚದರಡಿ. ಕೇಳಲು ಸೈಟಿನಂತೆಯೇ ಇದೆ, ಕಾಗದದಲ್ಲಿ ಮಾತ್ರ ಇನ್ನೂ ಜೋಳದ ಹೊಲ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ತಮ್ಮ ಆಕಳಿಸುತ್ತಿದ್ದ. ಸಂಶೋಧಕರ ಪಾಡೇ ಇದು. "ಅದೆಲ್ಲ ಸರಿ, ಮೂರರಾಗ ಯಾವ್ದು?" ಎಂದ. ನಾನು ಫ್ರಾಂಚೈಸಿಯ ಚೀಟಿಯನ್ನು ಮೊದಲು ತೆಗೆದಿಟ್ಟೆ. ಕಲಿಯುವವನೇ ದುಡ್ಡು ಕಟ್ಟುವ ಕಡೆ ಅವನೇ ಗಿರಾಕಿ. ಉಳಿದ ಎರಡಕ್ಕೆ ಎರಡು ಪ್ರಶ್ನೆ ಬರೆದುಕೊಟ್ಟೆ. ನೀವು ಮಾರಿಸಿದ ವ್ಯವಹಾರಗಳ ಲೆಕ್ಕದ ಪುಸ್ತಕ ತೋರಿಸುತ್ತೀರಾ? ನಿಮ್ಮ ಹೆಸರಿನಲ್ಲೇ ಅಗ್ರಿಮೆಂಟ್ ಮಾಡಿಕೊಳ್ಳುತ್ತೀರಾ?

ಲೇಔಟ್ ಕಚೇರಿಯವರು ರೇರಾ ನಂಬರು ಥಟ್ಟನೆ ಹೇಳಿದರಂತೆ, ಪುಸ್ತಕದ ಮಾತಿಗೆ "ಅದು ಹೆಡ್ ಆಫೀಸಿನ್ಯಾಗ" ಎಂದು ನಕ್ಕರಂತೆ. ಕುಷ್ಟಗಿಯವರು ಬೆಂಚಿನ ಕೆಳಗಿನ ಚೀಲದಿಂದ ನಾಲ್ಕು ಡೈರಿ ತೆಗೆದರು. ಸರ್ವೆ ನಂಬರು, ಕೊಟ್ಟವರು, ಕೊಂಡವರು, ಬೆಲೆ, ಇಬ್ಬರಿಂದಲೂ ಬಂದ ದಲ್ಲಾಳಿ. ಎರಡನೆಯ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲ ಮಾಡ್ತಿದ್ದೆ. ಒಬ್ರ ಮನಿ ಹಾಳಾತು. ಬಿಟ್ಟೆ" ಎಂದರಂತೆ. ಅವರಿಗೆ ರೇರಾ ನೋಂದಣಿ ಇಲ್ಲ. ಅದಿಲ್ಲದೆ ಅವರು ಲೇಔಟ್ ಸೈಟು ಮುಟ್ಟುವಂತಿಲ್ಲ ಎಂದು ತಮ್ಮನೇ ಅವರಿಗೆ ಹೇಳಿದನಂತೆ. "ಹಂಗಾದ್ರ ಅದನ್ನ ನೀನ ಮಾಡ್ಸು" ಎಂದರು.

ಈಗ ಅವನು ದಿನಾ ಬೆಳಗ್ಗೆ ಬಸ್ಸು ಹಿಡಿದು ಕುಷ್ಟಗಿಗೆ ಹೋಗುತ್ತಾನೆ. ಮೊದಲ ತಿಂಗಳು ಒಂದೂ ವ್ಯವಹಾರ ಆಗಲಿಲ್ಲ. ಪಹಣಿಯ ಹನ್ನೊಂದನೇ ಕಾಲಮಿನ ಋಣಗಳನ್ನು ಓದುವುದು, 11ಇ ನಕ್ಷೆಗೆ ಅರ್ಜಿ ಹಾಕುವುದು ಕಲಿತ. ಮೊನ್ನೆ ಫೋನು ಮಾಡಿ, ಅಜ್ಜನ 1959ರ ಖರೀದಿ ಪತ್ರದ ನಕಲನ್ನು ಉಪನೋಂದಣಿ ಕಚೇರಿಯಲ್ಲಿ ತೆಗೆಸಬಹುದೇ ಎಂದು ಕೇಳಿದ. ಅರ್ಜಿ ಹಾಕಿದ್ದಾನೆ. ಬಂದರೆ ಅಜ್ಜಿಗೆ ನಾನೇ ಓದಿ ಹೇಳಬೇಕಂತೆ.